ಬಿಕಾಸ್ ಹಿಂದೆ ಕಾಮಾ ಬೇಕೇ, ಬೇಡವೇ?

ಇಂಗ್ಲಿಷಿನ ಅಧೀನ ಉಪವಾಕ್ಯಗಳ ಬಗ್ಗೆ ಒಂದು ಸಂದೇಹ. ಶಾಲೆಯ ಸೂತ್ರ ಎಲ್ಲರಿಗೂ ಗೊತ್ತು: ವೆನ್, ಇಫ್, ಬಿಕಾಸ್ ಇತ್ಯಾದಿಗಳಿಂದ ಶುರುವಾಗುವ ಉಪವಾಕ್ಯ ಮೊದಲು ಬಂದರೆ ಅದರ ಕೊನೆಗೆ ಕಾಮಾ, ಪ್ರಧಾನ ವಾಕ್ಯದ ಬೆನ್ನಿಗೆ ಬಂದರೆ ಕಾಮಾ ಬೇಡ. ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೆಯ ಅರ್ಧ ‘ನಾಟ್’ ಇರುವ ಕಡೆ ಕೈಕೊಡುತ್ತದೆ.

‘ಹಿ ಡಿಡ್ ನಾಟ್ ರಿಸೈನ್ ಬಿಕಾಸ್ ಹಿ ವಾಸ್ ಇಲ್.’

ಆಸಾಮಿ ರಾಜೀನಾಮೆ ಕೊಟ್ಟನೋ ಇಲ್ಲವೋ? ಹೀಗೇ ಓದಿದರೆ, ಕೊಟ್ಟಿದ್ದಾನೆ, ಆದರೆ ಕಾರಣ ಕಾಯಿಲೆಯಲ್ಲ, ಬೇರೇನೋ ಇದೆ ಎಂಬ ಅರ್ಥಕ್ಕೂ ಎಡೆಯುಂಟು. ಬಿಕಾಸ್ ಹಿಂದೆ ಕಾಮಾ ಹಾಕಿ ನೋಡಿ: ‘ನಾಟ್’ನ ಅಧಿಕಾರ ಅಲ್ಲಿಗೇ ಮುಗಿಯಿತು. ಕೊಡಲಿಲ್ಲ, ಕಾಯಿಲೆಯೇ ಕಾರಣ. ಕನ್ನಡದಲ್ಲಿ ಇಷ್ಟು ದೊಡ್ಡ ಜವಾಬ್ದಾರಿಯನ್ನು ಒಂದು ಚಿಹ್ನೆಯ ತಲೆಗೆ ಕಟ್ಟುವುದಿಲ್ಲ. ‘ಕಾಯಿಲೆಯಿತ್ತು, ಅದಕ್ಕೇ ರಾಜೀನಾಮೆ ಕೊಡಲಿಲ್ಲ’, ‘ರಾಜೀನಾಮೆ ಕೊಟ್ಟದ್ದು ಕಾಯಿಲೆಗಲ್ಲ’ ಎಂದು ‘ಇಲ್ಲ’, ‘ಅಲ್ಲ’ಗಳೇ ನೋಡಿಕೊಳ್ಳುತ್ತವೆ.

‘ವೈಲ್’ ಕೂಡ ಇದೇ ಜಾತಿಯದು. ‘ಶಿ ರೀಡ್ಸ್ ವೈಲ್ ಹಿ ಸ್ಲೀಪ್ಸ್’ ಎಂದರೆ ಅವನು ಮಲಗಿರುವ ಹೊತ್ತಿನಲ್ಲಿ ಓದುತ್ತಾಳೆ. ನಡುವೆ ಕಾಮಾ ಬಿದ್ದರೆ, ಅವಳೇನೋ ಓದುತ್ತಾಳೆ, ಅವನು ಮಾತ್ರ ನಿದ್ದೆ ಹೊಡೆಯುತ್ತಾನೆ ಎಂಬ ಹೋಲಿಕೆ, ಸ್ವಲ್ಪ ಕುಟುಕು ಬೇರೆ.

ಹಾಗಾಗಿ, ಉಪವಾಕ್ಯ ಎಲ್ಲಿದೆ ಅನ್ನುವುದಕ್ಕಿಂತ ಅದು ಮುಖ್ಯ ಮಾತಿನ ಒಳಗಿನದೋ, ಆಮೇಲೆ ಸೇರಿಸಿದ್ದೋ ಎಂದು ಕೇಳಿಕೊಳ್ಳುವುದೇ ಸರಿ ಅನ್ನಿಸುತ್ತದೆ. ‘ಹು’ ಉಪವಾಕ್ಯಕ್ಕೂ ಇದೇ ನ್ಯಾಯ. ‘ಮೈ ಬ್ರದರ್ ಹು ಸಿಂಗ್ಸ್’ ಎಂದಾಗ ತಮ್ಮಂದಿರು ಹಲವರು, ಅವರಲ್ಲಿ ಹಾಡುವವನು. ಉಪವಾಕ್ಯದ ಎರಡೂ ಬದಿಗೆ ಕಾಮಾ ಇದ್ದರೆ ತಮ್ಮ ಯಾರೆಂದು ಮೊದಲೇ ಗೊತ್ತು, ಹಾಡುತ್ತಾನೆ ಎನ್ನುವುದು ಹೆಚ್ಚಿನ ಸುದ್ದಿ. (ಮೊದಲ ಕಾಮಾ ಹಾಕಿ ಎರಡನೆಯದನ್ನು ಮರೆಯುವವರು ಬಹಳ.) ನಮ್ಮ ‘ಹಾಡುವ ತಮ್ಮ’ ಎರಡಕ್ಕೂ ಸಲ್ಲುತ್ತಾನೆ, ಅನುವಾದಕರ ಪಾಡು ಕೇಳಬೇಡಿ.

ನಾನು ಸಿಕ್ಕಿಹಾಕಿಕೊಂಡಿರುವುದು ‘ಸೋ ದಟ್’ನಲ್ಲಿ. ‘ಹಿ ಸ್ಪೋಕ್ ಸ್ಲೋಲಿ ಸೋ ದಟ್ ಎವ್ರಿಒನ್ ಕುಡ್ ಅಂಡರ್‌ಸ್ಟ್ಯಾಂಡ್’: ಕಾಮಾ ಇಲ್ಲದಿದ್ದರೆ ಸಾಮಾನ್ಯವಾಗಿ ಉದ್ದೇಶ, ಇದ್ದರೆ ಪರಿಣಾಮ. ಆದರೆ ಬರೆಯುವವರೆಲ್ಲ ಇದನ್ನು ಪಾಲಿಸುವುದಿಲ್ಲ. ಕನ್ನಡಕ್ಕೆ ತರುವಾಗ ‘ಅರ್ಥವಾಗಲೆಂದು’ ಅಂದರೆ ಉದ್ದೇಶಕ್ಕೆ ಕಟ್ಟಿಬಿದ್ದ ಹಾಗೆ. ‘ಅರ್ಥವಾಗುವಂತೆ’ ಎರಡನ್ನೂ ಹೊರುತ್ತದೆ. ಕಾಮಾ ನಂಬಲಾಗದ ಕಡೆ ‘ಅಂತೆ’ಯಲ್ಲೇ ಬಿಡುವುದು ಸರಿಯೇ, ಅಥವಾ ಹಿಂದುಮುಂದು ನೋಡಿ ಒಂದರ್ಥಕ್ಕೆ ಗಟ್ಟಿಮಾಡಬೇಕೇ? ಬಲ್ಲವರು ತಿಳಿಸಿ.