ಅಪ್‌ಡೇಟ್: ಜಪಾನಿಂದ ದೋಜಿನ್‌ಶಿ ಬಂತು, ಎತ್ತಿಟ್ಟಿದ್ದೂ ಆಯ್ತು

ದೋಜಿನ್‌ಶಿ, ಅಂದ್ರೆ ಜಪಾನಲ್ಲಿ ಕಲಾವಿದರು ತಾವೇ ಪ್ರಿಂಟ್ ಹಾಕ್ಸಿ ಮಾರೋ ಕಾಮಿಕ್ಸ್, ಮಂಗ್ಳೂರಿಗೆ ತರ್ಸೋದು ಹೇಗೆ, ಮಳೆಗಾಲದಲ್ಲಿ ಬೂಷ್ಟು ಹಿಡೀದೆ ಇಡೋದು ಹೇಗೆ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್, ಪಾರ್ಸೆಲ್ ಬಂತು!

ಹಳೇವು ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿ ಮಂದರಾಕೆಯಿಂದ ನೇರ ಬಂದ್ವು, ಬೂತ್ ಅನ್ನೋ, ಕಲಾವಿದರೇ ಮಾರೋ ಆನ್‌ಲೈನ್ ಅಂಗಡಿಯಲ್ಲಿದ್ದ ಹೊಸವನ್ನ ಜಪಾನಿನ ಫಾರ್ವರ್ಡಿಂಗ್ ಅಡ್ರೆಸ್‌ಗೆ (ಪಾರ್ಸೆಲ್ ತಗೊಂಡು ವಿದೇಶಕ್ಕೆ ಕಳಿಸೋ ಕಂಪನಿ ವಿಳಾಸ) ಹಾಕ್ಸಿ ಒಟ್ಟಿಗೆ ತರಿಸ್ದೆ. ಶಿಪ್ಪಿಂಗೇ ಪುಸ್ತಕಕ್ಕಿಂತ ಜಾಸ್ತಿ ಆಯ್ತು, ಆದ್ರೂ ಬೇಜಾರಿಲ್ಲ, ಎಷ್ಟೋ ಪುಸ್ತಕ ಟೋಕಿಯೋದ ದೋಜಿನ್‌ಶಿ ಮೇಳ ಕಾಮಿಕೆಟ್‌ನಲ್ಲಿ ಒಂದು ದಿನ ಟೇಬಲ್ ಮೇಲಿದ್ದು ಖಾಲಿಯಾದ್ರೆ ಮತ್ತೆ ಪ್ರಿಂಟೇ ಆಗಲ್ಲ.

ಪುಸ್ತಕ ಹಾಕಿಡೋ ಪ್ಲಾಸ್ಟಿಕ್ ಕವರ್ ವಿಷ್ಯ ಗಮನಿಸಿ: ದೋಜಿನ್‌ಶಿ ಹೆಚ್ಚಾಗಿ ಬರೋ ಜಪಾನಿನ ಬಿ5 ಸೈಜ್ ಅಂದ್ರೆ 182×257 ಮಿ.ಮೀ, ಮಾಮೂಲಿ ಅಮೆರಿಕನ್ ಕಾಮಿಕ್ಸ್ ಕವರಲ್ಲಿ ಅಗಲ ಸಾಲಲ್ಲ, ಮ್ಯಾಗಜಿನ್ ಸೈಜೇ ತಗೊಳ್ಳಿ. ಪಾಲಿಪ್ರೊಪಿಲೀನ್ ಇರ್ಲಿ, ಪಿವಿಸಿ ಬೇಡ್ವೇ ಬೇಡ, ವರ್ಷ ಕಳೆದಂಗೆ ಅಂಟಂಟಾಗಿ ಮುಖಪುಟದ ಇಂಕ್ ಎಳ್ಕೊಳ್ಳತ್ತೆ. ಹಿಂದೆ ಆಸಿಡ್-ಫ್ರೀ ಬೋರ್ಡ್, ಆಮೇಲೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಜೊತೆ ತೇವಾಂಶ ಅಳೆಯೋ ಒಂದು ಚಿಕ್ಕ ಹೈಗ್ರೋಮೀಟರ್, ಮುಳ್ಳು ಶೇ. 50ರ ಆಸುಪಾಸು ಇದ್ರೆ ಸಾಕು, ತೀರಾ ಒಣಗಿಸಿದ್ರೂ ಬೆನ್ನಿನ ಅಂಟು ಬಿರಿಯತ್ತೆ.

ಸ್ಕ್ಯಾನ್ ಹಾಕಿ ಅಂದವ್ರಿಗೆ, ಕ್ಷಮಿಸಿ, ಹಾಕಲ್ಲ. ಅನುಮತಿ ಇಲ್ದೆ ಹಂಚ್ಬೇಡಿ ಅಂತ ಕೊನೇ ಪುಟದಲ್ಲೇ ಇದೆ. ಅದೇ ಪುಟದಲ್ಲಿ ಸರ್ಕಲ್ (ಪುಸ್ತಕ ಮಾಡಿದ ಕಲಾವಿದರ ಗುಂಪು) ಹೆಸ್ರು, ತಾರೀಖು, ಪ್ರೆಸ್ ಹೆಸ್ರು ಎಲ್ಲಾ ಇರತ್ತೆ, ಅದನ್ನ ಮಾತ್ರ ಒಂದು ಶೀಟಲ್ಲಿ ಟೈಪ್ ಮಾಡ್ತಿದೀನಿ, ಬೇಕಾದವ್ರು ಕೇಳಿ, ಕಳಿಸ್ತೀನಿ.