ಸಹಾಯ ಬೇಕು: ಇಂಟೆಲ್ ಬಿಟ್ಟು ಆರ್ಮ್‌ಗೆ ಹೋದರೆ ವಿಂಡೋಸ್ ಹೆಚ್ಚು ಸುರಕ್ಷಿತವಾ?

ಎಲ್ಲರಿಗೂ ನಮಸ್ಕಾರ. ಪುಣೆಯ ಚಿಂಚ್‌ವಡದಲ್ಲಿ ನಮ್ಮಕ್ಕ ತೆರಿಗೆ ಲೆಕ್ಕದ ಚಿಕ್ಕ ಆಫೀಸು ನಡೆಸುತ್ತಾರೆ. ಜನರ ಪ್ಯಾನ್, ಬ್ಯಾಂಕ್ ವಿವರ ಎಲ್ಲ ಅಲ್ಲೇ ಇದೆ. ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗಳನ್ನು ಬದಲಿಸಬೇಕು. ಅಂಗಡಿಯವರು "ಆರ್ಮ್ ಪ್ರೊಸೆಸರ್ ತಗೊಳ್ಳಿ, ವೈರಸ್ ಬರೋದೇ ಇಲ್ಲ" ಅನ್ನುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ.

ಇಂಟೆಲ್‌ಗೆಂದು ಬರೆದ ವೈರಸ್ ಆರ್ಮ್‌ನಲ್ಲಿ ನೇರವಾಗಿ ಓಡುವುದಿಲ್ಲ, ನಿಜ. ಆದರೆ ಹಳೆಯ ಸಾಫ್ಟ್‌ವೇರ್ ಓಡಿಸಲು ವಿಂಡೋಸ್‌ನಲ್ಲೇ ಎಮ್ಯುಲೇಶನ್ ಇದೆ, ಅಂದರೆ ಇಂಟೆಲ್‌ಗೆ ಬರೆದದ್ದನ್ನು ಆರ್ಮ್‌ಗೆ ತಿಳಿಯುವಂತೆ ಬದಲಿಸಿ ಓಡಿಸುವ ವ್ಯವಸ್ಥೆ. ಅದೇ ದಾರಿಯಲ್ಲಿ ವೈರಸ್ಸೂ ಓಡಬಹುದು ಅಲ್ವಾ? ಮೋಸದಿಂದ ಪಾಸ್‌ವರ್ಡ್ ಕದಿಯುವ ಫಿಶಿಂಗ್ ಮೇಲ್‌ಗಂತೂ ಪ್ರೊಸೆಸರ್ ಯಾವುದಾದರೂ ಒಂದೇ. 2018ರಲ್ಲಿ ಬಯಲಾದ, ಪ್ರೊಸೆಸರ್‌ನಿಂದಲೇ ಗುಟ್ಟಿನ ಮಾಹಿತಿ ಸೋರುವಂತೆ ಮಾಡುವ ಸ್ಪೆಕ್ಟರ್ ದೋಷ ಇಂಟೆಲ್, ಎಎಂಡಿ, ಆರ್ಮ್ ಮೂರನ್ನೂ ಕಾಡಿತ್ತು. ಆಗಲೇ ಬಯಲಾದ ಅಂಥದೇ ಇನ್ನೊಂದು ದೋಷ ಮೆಲ್ಟ್‌ಡೌನ್ ಮಾತ್ರ ಜಾಸ್ತಿ ತಟ್ಟಿದ್ದು ಇಂಟೆಲ್‌ಗೆ.

ಆರ್ಮ್‌ನಲ್ಲಿ ಪಾಯಿಂಟರ್ ಅಥೆಂಟಿಕೇಶನ್ ಇದೆ. ಫಂಕ್ಷನ್ (ಪ್ರೋಗ್ರಾಮಿನ ಒಂದು ತುಂಡು) ಮುಗಿದು ಎಲ್ಲಿಗೆ ಮರಳಬೇಕು ಎಂಬ ವಿಳಾಸವನ್ನು ದಾಳಿಕೋರರು ತಿದ್ದಿದರೆ ಅದು ಹಿಡಿಯುತ್ತದೆ. ಹೊಸ ಇಂಟೆಲ್‌ನಲ್ಲೂ ಇದಕ್ಕೇ ಶ್ಯಾಡೋ ಸ್ಟ್ಯಾಕ್ ಇದೆ, ಅದು ಆ ವಿಳಾಸದ ಇನ್ನೊಂದು ಪ್ರತಿ ಇಟ್ಟುಕೊಂಡು ತಾಳೆ ನೋಡುತ್ತದೆ. ಹಾಗಾದರೆ ದಿನನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಎಷ್ಟು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಇನ್ನೊಂದು ಮಾತು. ಕರ್ನಲ್ ಡ್ರೈವರ್‌ಗಳಿಗೆ, ಅಂದರೆ ಸಾಧನಗಳನ್ನು ನಡೆಸಲು ವಿಂಡೋಸ್‌ನ ತಿರುಳಲ್ಲೇ ಓಡುವ ಸಾಫ್ಟ್‌ವೇರ್‌ಗೆ, ಎಮ್ಯುಲೇಶನ್ ಸಿಗುವುದಿಲ್ಲ. ಟೋಕನ್‌ಗೆ ಅಂಥ ಡ್ರೈವರ್ ಬೇಕಾದರೆ ಏನು ಗತಿ ಅಂತ ಚಿಂತೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಅನ್ನು ಆರ್ಮ್ ವಿಂಡೋಸ್‌ನಲ್ಲಿ ಯಾರಾದರೂ ಬಳಸುತ್ತಿದ್ದೀರಾ? ಯಾವ ಟೋಕನ್ ಅಂತಲೂ ತಿಳಿಸಿ. ರಿಟರ್ನ್ ಸಲ್ಲಿಸುವ ಗಡಿಬಿಡಿ ಶುರುವಾಗುವ ಮೊದಲೇ ಅಕ್ಕ ಕೊಳ್ಳಬೇಕು.