ತುಮಕೂರು: ಶಾಲೆಯ ಹಳೇ ಬಿಬಿಸಿ ಮೈಕ್ರೋ, ನೇರ ಪ್ಲಗ್‌ಗೆ ಹಾಕಬಹುದಾ?

ಗುಬ್ಬಿ ಮೇಷ್ಟ್ರು:
ಪ್ರೌಢಶಾಲೆಯ ಸ್ಟೋರ್ ರೂಮಿನಲ್ಲಿ ಬಿಬಿಸಿ ಮೈಕ್ರೋ ಮಾಡೆಲ್ ಬಿ ಅನ್ನುವ ಹಳೇ ಬ್ರಿಟಿಷ್ ಕಂಪ್ಯೂಟರ್ ಇದೆ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು 1984ರಲ್ಲಿ ಶುರುವಾದ ಸರ್ಕಾರಿ ಕ್ಲಾಸ್ ಯೋಜನೆಯದ್ದು. ವರ್ಷಗಳಿಂದ ಕರೆಂಟ್ ಕಂಡಿಲ್ಲ. 5.25 ಇಂಚಿನ ಡ್ರೈವ್, ಒಂದು ಡಬ್ಬ ಫ್ಲಾಪಿ ಉಂಟು; ಮಾನಿಟರ್ ಇಲ್ಲ. ಮಕ್ಕಳಿಗೆ ಅದರ ಬೇಸಿಕ್ ಪ್ರೋಗ್ರಾಮಿಂಗ್ ಭಾಷೆ ಓಡಿಸಿ ತೋರಿಸಬೇಕು. ಎಲ್ಲಿಂದ ಶುರು ಮಾಡಲಿ?

ಕೋಲಾರ ಸೋಲ್ಡರ್:
ಮೇಷ್ಟ್ರೇ, ದಯವಿಟ್ಟು ಈಗಲೇ ಪ್ಲಗ್‌ಗೆ ಹಾಕಬೇಡಿ. ಪವರ್ ಸಪ್ಲೈ ಬಿಚ್ಚಿದರೆ ಮೇನ್ಸ್ ಲೈನಿಗೆ ಅಡ್ಡಲಾಗಿ ಹಳದಿ ಬಣ್ಣದ, ಒಳಗೆಲ್ಲ ಕಾಣುವ ರಿಫಾ ಕಂಪನಿಯ ಕೆಪಾಸಿಟರ್‌ಗಳಿರುತ್ತವೆ. ಒಳಗಿರುವುದು ಕಾಗದ. ಮೇಲ್ಕವಚದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಕರೆಂಟ್ ಕೊಟ್ಟ ಕೆಲವು ನಿಮಿಷ ಸುಮ್ಮನಿದ್ದು, ಆಮೇಲೆ ಒಡೆದು ರೂಮ್ ತುಂಬ ಹೊಗೆ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈ ಕೆಪಾಸಿಟರ್‌ಗಳ ಬದಲಿಗೆ 100 ನ್ಯಾನೋಫ್ಯಾರಡ್ ಒಂದು, 10 ನ್ಯಾನೋಫ್ಯಾರಡ್ ಒಂದು ತನ್ನಿ. ಎರಡೂ ಎಕ್ಸ್2 ದರ್ಜೆ (ಮೇನ್ಸ್ ಲೈನಿಗೆ ಅಡ್ಡಲಾಗಿ ಹಾಕುವಂಥದ್ದು), 275 ವೋಲ್ಟ್ ಎಸಿ ಆಗಿರಲೇಬೇಕು. 400 ವೋಲ್ಟ್ ಡಿಸಿ ಅಂತ ಕೊಡುವ ಮಾಮೂಲಿ ಫಿಲ್ಮ್ ಕೆಪಾಸಿಟರ್ ಇಲ್ಲಿಗೆ ಆಗದು. ಕಾಲುಗಳ ಅಂತರ ಅಳೆದುಕೊಂಡು ಹೋಗಿ. ಒಳಗಿನ 220 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಅನ್ನೂ ಬದಲಿಸಿ, ಅದು ಒಣಗಿದ್ದರೆ ಸಪ್ಲೈ ಸ್ಟಾರ್ಟ್ ಆಗಲು ತಿಣುಕುತ್ತದೆ.

ಎಚ್ಚರ: ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತದೆ. ಒಮ್ಮೆ ಕರೆಂಟ್ ಕೊಟ್ಟ ಮೇಲೆ ಮತ್ತೆ ಕೈ ಹಾಕುವ ಮುಂಚೆ ಮೀಟರ್ ಇಟ್ಟು ನೋಡಿ.

ಮದರ್‌ಬೋರ್ಡಿಗೆ ಜೋಡಿಸದೆ, ಕೆಂಪು-ಕಪ್ಪು ವೈರ್ ಮಧ್ಯೆ 10 ಓಮ್, 10 ವ್ಯಾಟ್ ರೆಸಿಸ್ಟರ್ ಕಟ್ಟಿ ಅಳೆಯಿರಿ: 5 ವೋಲ್ಟ್ ಆಸುಪಾಸು. ನೇರಳೆ ವೈರಿನಲ್ಲಿ ಮೈನಸ್ 5. ವೈರ್ ಕೀಳುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕೆಂಪು ಕಪ್ಪು ಅದಲುಬದಲಾದರೆ ಚಿಪ್‌ಗಳು ಹೋದವು ಅಂತಲೇ.

ಗುಬ್ಬಿ ಮೇಷ್ಟ್ರು:
ಮೂರೂ ಬದಲಿಸಿದೆ. 5.02 ಬರುತ್ತಿದೆ. ಬೋರ್ಡಿಗೆ ಕೊಟ್ಟರೆ ಉದ್ದಕ್ಕೂ ಒಂದೇ ಸ್ವರ, ನಿಲ್ಲುವುದೇ ಇಲ್ಲ. ಹಿಂದಿನ ವಿಡಿಯೋ ಸಾಕೆಟ್‌ಗೆ ಟಿವಿ ಹಾಕಿದ್ದೇನೆ, ಪರದೆ ಖಾಲಿ.

ಚಿಂತಾಮಣಿ 6502:
ಸರ್, ಆ ಸ್ವರವೇ ಸುಳಿವು. ಆನ್ ಮಾಡಿದ ಕೂಡಲೇ ಸೌಂಡ್ ಚಿಪ್ ತಾನಾಗೇ ಕೂಗುತ್ತದೆ, ಆಪರೇಟಿಂಗ್ ಸಿಸ್ಟಮ್ ಎದ್ದು ಅದನ್ನು ಸುಮ್ಮನಾಗಿಸಬೇಕು. ನಿಮ್ಮಲ್ಲಿ ಪ್ರೊಸೆಸರ್ ಅಲ್ಲಿವರೆಗೆ ತಲುಪುತ್ತಿಲ್ಲ. ಹೆಚ್ಚಿನ ಸಲ ತಪ್ಪು ಸಾಕೆಟ್‌ನದ್ದು. ನಮ್ಮ ಕಡೆಯ ಧೂಳಿಗೆ ಚಿಪ್‌ಗಳ ಕಾಲು ಕಪ್ಪಗಾಗಿರುತ್ತವೆ.

6502 ಪ್ರೊಸೆಸರ್, ಬೋರ್ಡಿನಲ್ಲಿ ಐಸಿ51 ಅಂತ ಗುರುತಿರುವ ಓಎಸ್ (ಆಪರೇಟಿಂಗ್ ಸಿಸ್ಟಮ್) ರಾಮ್ (ROM) ಚಿಪ್, ಐಸಿ52ರ ಬೇಸಿಕ್ ರಾಮ್ (ROM), ಚಿತ್ರ ಮೂಡಿಸುವ ವಿಡಿಯೋ ಯುಎಲ್ಎ ಚಿಪ್, ಒಂದೊಂದಾಗಿ ಎರಡೂ ತುದಿಯಿಂದ ಸಮನಾಗಿ ಮೀಟಿ ಎತ್ತಿ. ಒಂದೇ ಕಡೆ ಎತ್ತಿದರೆ ಕಾಲು ಬಾಗುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಚ್ಚು ಇದ್ದ ದಿಕ್ಕಿಗೇ ಕೂರಿಸಿ. ಕೀಬೋರ್ಡ್ ರಿಬ್ಬನ್ ಕೇಬಲನ್ನೂ ತೆಗೆದು ಹಾಕಿ. ಆದರೂ ಕೂಗಿದರೆ 6502ರ 40ನೇ ಪಿನ್ ಅಳೆಯಿರಿ. ಅದು ಮೇಲೆ ಏಳದೆ ಸೊನ್ನೆಯಲ್ಲೇ ಇದ್ದರೆ ರೀಸೆಟ್ ಕೊಡುವ 555 ಟೈಮರ್ ಚಿಪ್‌ನ ಸರ್ಕ್ಯೂಟ್ ನೋಡಬೇಕು.

ಸರಿಯಾದಾಗ ಉದ್ದ ಸ್ವರದ ಬೆನ್ನಿಗೇ ಗಿಡ್ಡ ಬೀಪ್, ಪರದೆಯಲ್ಲಿ “ಬಿಬಿಸಿ ಕಂಪ್ಯೂಟರ್ 32ಕೆ”. 16ಕೆ ಅಂದರೆ ಅರ್ಧ ಮೆಮೊರಿ ಕಾಣುತ್ತಿಲ್ಲ. “ಲ್ಯಾಂಗ್ವೇಜ್?” ಅಂತ ಕೇಳಿದರೆ ಬೇಸಿಕ್ ರಾಮ್ ಸರಿಯಾಗಿ ಕೂತಿಲ್ಲ. ಆ ವಿಡಿಯೋ ಸಾಕೆಟ್‌ನಲ್ಲಿ ಬರುವುದು ಕಪ್ಪು-ಬಿಳುಪು ಮಾತ್ರ, ಗಾಬರಿ ಬೇಡ.

ಕೋಲಾರ ಸೋಲ್ಡರ್:
ಫ್ಲಾಪಿ ವಿಷಯ: ಕಿಂಡಿಯಲ್ಲಿ ಬಿಳಿ ಚುಕ್ಕೆ ಕಂಡರೆ ಬೂಷ್ಟು, ಡ್ರೈವ್‌ಗೆ ಹಾಕಲೇಬೇಡಿ, ಹೆಡ್ ಹಾಳಾಗುತ್ತದೆ. ಚೆನ್ನಾಗಿರುವುದಕ್ಕೂ ಪಕ್ಕದ ಕಚ್ಚನ್ನು ಟೇಪಿನಿಂದ ಮುಚ್ಚಿ, ಆಗ ಬರೆಯಲು ಬರಲ್ಲ. ದಿನಾ ಬಳಸಲು ಫ್ಲಾಪಿ ಡ್ರೈವ್ ಬದಲಿಗೆ ಕೂರುವ ಗೋಟೆಕ್ ಡ್ರೈವ್ ಹಾಕಿಕೊಳ್ಳಿ. ಅದಕ್ಕೂ 34 ಪಿನ್ ಕೇಬಲ್ಲೇ, ಪೆನ್‌ಡ್ರೈವ್‌ನಿಂದ ಓದುತ್ತೆ.